ಅಪ್‌ಡೇಟ್: ಸಿಪ್ಪೆ ಏಳುತ್ತಿದ್ದ ಬಾನೆಟ್ ಮೇಲೆ ವಿನೈಲ್ ರ್‍ಯಾಪ್

ಕಾರಿನ ಬಾನೆಟ್ ಮತ್ತು ರೂಫ್‌ನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಬಿಸಿಲಿಗೆ ಸಿಪ್ಪೆ ಎದ್ದಿದೆ, ಪೂರ್ತಿ ಪೇಂಟ್ ಮಾಡಿಸುವವರೆಗೆ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್‌ನ ರ್‍ಯಾಪ್ ಹಾಕಿ ಮುಚ್ಚಬಹುದೇ ಅಂತ ಕೇಳಿದ್ದೆ. ಹಾಕಿಸಿದ್ದಾಯ್ತು, ಚೆನ್ನಾಗಿಯೇ ಕೂತಿದೆ. ಆದರೆ ನಿಜವಾದ ಕೆಲಸ ಎಲ್ಲಾ ಇದ್ದದ್ದು ಅದರ ಅಡಿಯ ಮೈ ಸರಿಮಾಡುವುದರಲ್ಲೇ.

ಫಿಲ್ಮ್ ಸುಮಾರು 0.1 ಮಿ.ಮೀ. ದಪ್ಪ, ಅಷ್ಟೇ. ಕ್ಲಿಯರ್ ಕೋಟ್‌ನ ಒಡೆದ ಅಂಚು ಉಗುರಿಗೆ ತಾಕಿದರೆ, ರ್‍ಯಾಪ್ ಮೇಲೂ ಗೆರೆಯಾಗಿ ಕಾಣುತ್ತದೆ. ಅದಕ್ಕೇ ಸಡಿಲವಾಗಿದ್ದದ್ದನ್ನೆಲ್ಲ ಕೆರೆದು, ಸ್ಯಾಂಡ್‌ಪೇಪರ್‌ನ 320 ಗ್ರಿಟ್‌ನಿಂದ ಅಂಚು ಇಳಿಸಿ, 600, ಆಮೇಲೆ ಇನ್ನೂ ನಯವಾದ 800ರಲ್ಲಿ ನೀರು ಹಾಕಿ ಉಜ್ಜಿದೆ. ಕಣ್ಣಿಗಿಂತ ಬೆರಳನ್ನೇ ನಂಬಿ. ವೈಪರ್ ಹತ್ತಿರದ ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ಎಪಾಕ್ಸಿ ಪ್ರೈಮರ್ ಕೊಟ್ಟೆ. ತುಕ್ಕು ಫಿಲ್ಮ್ ಕೆಳಗೂ ಹರಡುತ್ತಲೇ ಇರುತ್ತದೆ.

ಉಜ್ಜಿದ ಜಾಗಕ್ಕೆ 2ಕೆ (ಹಾರ್ಡನರ್ ಬೆರೆಸಿ ಬಳಸುವ) ಪ್ರೈಮರ್, ಅದರ ಮೇಲೆ 2ಕೆ ಕ್ಲಿಯರ್. ಬರೀ ಪ್ರೈಮರ್ ರಂಧ್ರಮಯ, ಅಂಟು ಸರಿಯಾಗಿ ಹಿಡಿಯಲ್ಲ. ನಂತರ ಕೆಲವು ವಾರ ಸುಮ್ಮನೆ ಬಿಟ್ಟೆ. ದ್ರಾವಕ ಪೂರ್ತಿ ಆರದಿದ್ದರೆ ಅದರ ಆವಿಯೇ ಫಿಲ್ಮ್ ಕೆಳಗೆ ಗುಳ್ಳೆ ಎಬ್ಬಿಸುತ್ತದೆ. ಅಂಗಡಿಯವರು "ನಾಳೆಯೇ ಹಾಕೋಣ ಸಾರ್" ಅಂದರು, ನಾನು ಒಪ್ಪಲಿಲ್ಲ.

ಹಾಕುವ ಮೊದಲು ಮಾಸ್ಕಿಂಗ್ ಟೇಪ್ ಒತ್ತಿ ಕಿತ್ತು ನೋಡಿದೆ, ಪೇಂಟ್ ಜೊತೆಗೆ ಬರಲಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಅಂಗಡಿಯವರು ಶುರು ಮಾಡಿದರು.

ಬಣ್ಣ ಮೂಲದ ಬಿಳಿಯೇ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಆರ್‌ಟಿಒ ಓಡಾಟ ಯಾರಿಗೆ ಬೇಕು! ಕೀಳುವಾಗ ಹಳೆಯ ಪೇಂಟ್ ಅಲ್ಲಲ್ಲಿ ಎದ್ದು ಬರಬಹುದು. ಹೇಗೂ ಪೇಂಟ್ ಮಾಡಿಸುವುದೇ ಇದೆ, ಹಾಗಾಗಿ ತಲೆ ಕೆಡಿಸಿಕೊಂಡಿಲ್ಲ.