ಆಟ, ತೋಟ, ಮಳೆಗಾಲ: ಜೇಬಿನ ಕ್ಯಾಮೆರಾ ಸಾಕೋ, ಡಿಎಸ್‌ಎಲ್‌ಆರ್ ಬೇಕೋ?

ಶಿರಸಿ ಹತ್ತಿರದ ಹಳ್ಳಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ತೆಗೆದುಕೊಳ್ಳಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಸಿದ್ದೇನೆ. 35 ಸಾವಿರ ಆಗಿದೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಮಗಳು ಏಳನೇ ಕ್ಲಾಸು. ಯಕ್ಷಗಾನ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅವಳ ಮೊದಲ ವೇಷ ಇತ್ತು. ಫೋನಿನಲ್ಲಿ ಅರವತ್ತು ಚಿತ್ರ ತೆಗೆದೆ. ಅವಳ ಮುಖ ಸರಿಯಾಗಿ ಕಾಣುವುದು ಮೂರರಲ್ಲಿ. ಉಳಿದದ್ದೆಲ್ಲ ಕೆಂಪು, ಹಳದಿ ಬಣ್ಣ ಕಲಸಿದ ಹಾಗೆ ಇದೆ. ಅದು ಮನಸ್ಸಿಗೆ ತುಂಬಾ ಬೇಜಾರಾಯಿತು. ಇದರ ಜೊತೆ ತೋಟದ ಅಡಿಕೆ ಕೊನೆ ಕೊಯ್ಲು, ಮನೆಯ ಹಬ್ಬ, ಹಕ್ಕಿ ಬಂದರೆ ಹಕ್ಕಿ ತೆಗೆಯುವ ಆಸೆಯೂ ಇದೆ.

ಜೇಬಿನಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾ ಸಾಕು ಅಂತ ಅಣ್ಣ ಹೇಳುತ್ತಾನೆ. ಅಂಗಡಿಯವರು ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಡಿಎಸ್‌ಎಲ್‌ಆರ್, ತಗೊಳ್ಳಿ ಅನ್ನುತ್ತಾರೆ. ಬಳಸಿದವರು ನಿಮ್ಮ ಅನುಭವ ಹೇಳಿ.

ಹೊನ್ನಾವರದಿಂದ

ಅಕ್ಕ, ಮಗಳ ವೇಷ ಅಂದಿರಲ್ಲ, ಅದನ್ನೇ ಹಿಡಿದುಕೊಂಡು ಹೊರಡಿ. ಹಗಲು ಹೊತ್ತಿನ ತೋಟಕ್ಕೆ, ಹಬ್ಬಕ್ಕೆ ನಿಮ್ಮ ಫೋನೇ ಸಾಕು. ಕಷ್ಟ ಇರುವುದು ರಾತ್ರಿ ಯಕ್ಷಗಾನದ ಆಟದಲ್ಲಿ.

ನಾನು ಹನ್ನೊಂದು ವರ್ಷದಿಂದ ಆಟದ ಚಿತ್ರ ತೆಗೆಯುತ್ತಿದ್ದೇನೆ. ಮೊದಲ ಎರಡು ವರ್ಷ ಕೈಯಲ್ಲಿ ಡಿಎಸ್‌ಎಲ್‌ಆರ್ ಇತ್ತು, ಆದರೂ ನಿಮ್ಮ ಹಾಗೇ ಬಣ್ಣ ಕಲಸಿದ ಚಿತ್ರಗಳೇ ಬರುತ್ತಿದ್ದವು. ಯಾಕೆ ಅಂದರೆ ಪೆಟ್ಟಿಗೆ ಜೊತೆ ಬಂದ 18-55 ಲೆನ್ಸನ್ನೇ ಹಾಕಿಕೊಂಡು ಕೂತಿದ್ದೆ. ಆ ಲೆನ್ಸನ್ನು 55ಕ್ಕೆ ತಿರುಗಿಸಿದರೆ, ಅಂದರೆ ಪೂರ್ತಿ ಜೂಮ್ ಮಾಡಿದರೆ, ಬೆಳಕು ಒಳಗೆ ಬರುವ ಅದರ ಕಿಂಡಿ ಎಫ್/5.6ಕ್ಕಿಂತ ದೊಡ್ಡದಾಗುವುದಿಲ್ಲ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಎಫ್/1.8 ಅಂತ ಒಂದು ಲೆನ್ಸ್ ಸಿಗುತ್ತದೆ. ಅದರೊಳಗೆ ಬರುವ ಬೆಳಕು ಇದರ ಸುಮಾರು ಹತ್ತು ಪಟ್ಟು. ಅಂದರೆ ಮೊದಲಿನ ಲೆನ್ಸಿನಲ್ಲಿ ಸೆಕೆಂಡಿನ 25ನೇ ಒಂದು ಭಾಗ ಶಟರ್ ತೆರೆದಿರಬೇಕಾದ ಕಡೆ ಇದರಲ್ಲಿ 250ನೇ ಒಂದು ಭಾಗ ಸಾಕು. ಕುಣಿಯುವ ಹುಡುಗಿಯ ಮುಖ ಮಸುಕಾಗುವುದು, ನಿಚ್ಚಳವಾಗಿ ಬರುವುದು ಇಷ್ಟರ ಮೇಲೇ ನಿಂತಿದೆ.

ಇನ್ನು ಪುಟ್ಟ ಕ್ಯಾಮೆರಾ. ಅದರಲ್ಲಿ ಎರಡು ಜಾತಿ ಇದೆ, ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಕಡಿಮೆ ಬೆಲೆಯದರಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6 ಮಿ.ಮೀ. ಉದ್ದ, 4.5 ಮಿ.ಮೀ. ಅಗಲ. ಒಂದು ತೊಗರಿಬೇಳೆಯಷ್ಟು. ನಿಕಾನ್ ಡಿಎಸ್‌ಎಲ್‌ಆರ್‌ನದು 23.5ಕ್ಕೆ 15.6, ಸಣ್ಣ ಅಂಚೆಚೀಟಿಯಷ್ಟು. ತೊಗರಿಬೇಳೆ ಸೆನ್ಸರಿನ ಕ್ಯಾಮೆರಾಕ್ಕೆ ದಯವಿಟ್ಟು ದುಡ್ಡು ಹಾಕಬೇಡಿ. ನಿಮ್ಮ ಫೋನಿಗಿಂತ ಅದು ರಾತ್ರಿ ಏನೂ ಜಾಸ್ತಿ ಕೊಡುವುದಿಲ್ಲ.

ಎರಡನೇ ಜಾತಿ ಒಂದು ಇಂಚಿನ ಸೆನ್ಸರಿನದು. ಹೆಸರಿಗೆ ಇಂಚು, ಅಳತೆ 13.2ಕ್ಕೆ 8.8 ಮಿ.ಮೀ. ಸೋನಿ ಆರ್‌ಎಕ್ಸ್100 ಇದರಲ್ಲಿ ಹೆಸರು ಮಾಡಿದ್ದು, 2012ರಲ್ಲಿ ಬಂತು. ಕೆನಾನ್ ಜಿ7 ಎಕ್ಸ್ ಮಾರ್ಕ್ 2 ಬಂದಿದ್ದು 2016ರಲ್ಲಿ. ಈ ಕೆನಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ಪೂರ್ತಿ ಜೂಮ್ ಮಾಡಿದರೂ ಕಿಂಡಿ ಎಫ್/2.8 ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ರಾತ್ರಿ ಆಟಕ್ಕೆ 18-55 ಹಾಕಿದ ಡಿಎಸ್‌ಎಲ್‌ಆರ್‌ಗಿಂತ ಇದೇ ಸ್ವಲ್ಪ ಮುಂದೆ. ಸೋನಿಯ ಮೊದಲ ಆರ್‌ಎಕ್ಸ್100 ಹಾಗಲ್ಲ. ಜೂಮ್ ಮಾಡಿದರೆ ಎಫ್/4.9ಕ್ಕೆ ಇಳಿಯುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು. ಇನ್ನೊಂದು ಲೆನ್ಸ್ ತೆಗೆದುಕೊಳ್ಳುವ ಮನಸ್ಸಿದ್ದರೆ ಮಾತ್ರ ಡಿಎಸ್‌ಎಲ್‌ಆರ್ ತಗೊಳ್ಳಿ. ಪೆಟ್ಟಿಗೆಯ ಲೆನ್ಸೊಂದೇ ಸಾಕು ಅನ್ನುವುದಾದರೆ ಬೇಡ, ಸುಮ್ನೆ ಭಾರ ಹೊರುತ್ತೀರಿ. ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಜೊತೆಗೆ 50 ಎಂಎಂ ಎಫ್/1.8 ನಿಮ್ಮ 35 ಸಾವಿರದಲ್ಲಿ ಹೊಂದಿಸಬಹುದು. 18-55 ಇಲ್ಲದೆ ಸಿಕ್ಕರೂ ಬೇಸರ ಬೇಡ.

ಮುಂದಿನ ಸಾಲಿನಲ್ಲಿ, ವೇಷದಿಂದ ಇಪ್ಪತ್ತು ಅಡಿ ದೂರದಲ್ಲಿ ಕೂತು, ಕ್ಯಾಮೆರಾ ಉದ್ದಕ್ಕೆ ಹಿಡಿದರೆ ತಲೆಯ ಕೇದಗೆ ಮುಂದಲೆಯ ತುದಿಯಿಂದ ಕಾಲಿನ ಗೆಜ್ಜೆವರೆಗೆ 50ರಲ್ಲಿ ಸರಿಯಾಗಿ ಹಿಡಿಯುತ್ತದೆ. ಮಂಡಿ ಸುತ್ತುವಾಗ ಒತ್ತಬೇಡಿ. ಸುತ್ತು ಮುಗಿಸಿ ಎದ್ದು, ಚೆಂಡೆಯ ಕಡೇ ಪೆಟ್ಟಿಗೆ ಎದೆ ಸೆಟೆದು ನಿಲ್ಲುತ್ತಾರಲ್ಲ, ಆಗ ಒತ್ತಿ. ಉಸಿರು ಮೇಲೆ ಬಂದಿರುತ್ತದೆ, ಕಣ್ಣು ಅಗಲ ಆಗಿರುತ್ತದೆ, ಹಣೆಯ ಬಣ್ಣದ ಮೇಲೆ ಬೆವರಿನ ಹನಿ ಹೊಳೆಯುತ್ತದೆ. ಅರ್ಧ ಸೆಕೆಂಡು ಅಷ್ಟೇ, ಆದರೆ ಇಡೀ ಆಟದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಪ್ರಸಂಗ ಗೊತ್ತಿದ್ದವರಿಗೆ ಮೊದಲೇ ತಿಳಿಯುತ್ತದೆ. ಮಗಳ ಪದ್ಯ ನಿಮಗೆ ಬಾಯಿಪಾಠ ಇರುತ್ತದೆ, ಅಲ್ವಾ? ಅದು ಯಾವ ಕ್ಯಾಮೆರಾದಲ್ಲೂ ಸಿಗದ ಅನುಕೂಲ.

ಫ್ಲಾಶ್ ಮಾತ್ರ ಹಾಕಬೇಡಿ. ಕುಣಿಯುವವರ ಕಣ್ಣು ಕುಕ್ಕುತ್ತದೆ. ಮಕ್ಕಳಿಗಂತೂ ಹೆಜ್ಜೆಯೇ ತಪ್ಪುತ್ತದೆ.

ಕಾರವಾರದಿಂದ

ಹೊನ್ನಾವರದವರು ಹೇಳಿದ್ದು ಸರಿ. ಆದರೆ ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ.

ನನ್ನ ಹತ್ತಿರ ಎರಡೂ ಇವೆ. ಡಿಎಸ್‌ಎಲ್‌ಆರ್ ಹೊರಗೆ ಬರುವುದು ತಿಂಗಳಿಗೊಮ್ಮೆ. ಪುಟ್ಟದು ದಿನಾ ಬೆಳಿಗ್ಗೆ ಚಡ್ಡಿ ಜೇಬಿನಲ್ಲಿ ನನ್ನ ಜೊತೆ ಟ್ಯಾಗೋರ್ ಬೀಚಿಗೆ ಬರುತ್ತದೆ. ರಂಪಣಿ ಬಲೆ ಎಳೆಯುವ ದಿನ ದೊಡ್ಡ ಕ್ಯಾಮೆರಾ ತೆಗೆದುಕೊಂಡು ಹೋದರೆ ಹಗ್ಗ ಹಿಡಿದವರೆಲ್ಲ ನನ್ನ ಕಡೆ ತಿರುಗುತ್ತಾರೆ. ಯಾವ ಪೇಪರು ಅಂತ ಕೇಳುತ್ತಾರೆ. ಅಲ್ಲಿಗೆ ಆ ಚಿತ್ರ ಹೋಯಿತು. ಪುಟ್ಟದು ಹಿಡಿದರೆ ಅವರು ಅವರ ಪಾಡಿಗೆ ಎಳೆಯುತ್ತಿರುತ್ತಾರೆ. ಬಲೆ ದಡಕ್ಕೆ ಬಂದು ಬಂಗಡೆ ಪಟಪಟ ಹಾರುವಾಗ ನಾನೂ ಮೊಣಕಾಲು ನೀರಿನಲ್ಲಿ ಅವರ ನಡುವೆ ನಿಂತಿರುತ್ತೇನೆ. ಒಂದು ಕೈಯಲ್ಲಿ ತೆಗೆಯಬಹುದು, ಶಬ್ದವೂ ಇಲ್ಲ.

ಭಾರದ ವ್ಯತ್ಯಾಸ ಕೇಳಿದರೆ, ಆರ್‌ಎಕ್ಸ್100 ಸುಮಾರು 240 ಗ್ರಾಂ. ನಿಕಾನ್ ಡಿ3500 ಹಗುರದ ಡಿಎಸ್‌ಎಲ್‌ಆರ್ ಅಂತಲೇ ಹೆಸರು, ಅದಕ್ಕೂ ಲೆನ್ಸ್ ಸೇರಿಸಿದರೆ 620 ಗ್ರಾಂ ಆಗುತ್ತದೆ. ತೂಕಕ್ಕಿಂತ ಹೆಚ್ಚಾಗಿ, ಅದಕ್ಕೊಂದು ಚೀಲ ಬೇಕು. ಚೀಲ ತಗೊಳ್ಳಬೇಕು ಅಂದಾಗಲೇ ಎಷ್ಟೋ ದಿನ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಪುಟ್ಟದರ ದೊಡ್ಡ ಶತ್ರು ಮರಳು. ನನ್ನ ಮೊದಲ ಕ್ಯಾಮೆರಾ ಹೋಗಿದ್ದು ಹಾಗೇ. ಜೇಬಿನಲ್ಲಿದ್ದ ಒಂದೇ ಒಂದು ಮರಳಿನ ಕಣ, ಒಳಗೆ ಹೊರಗೆ ಸರಿಯುವ ಲೆನ್ಸಿನ ಸಂದಿಗೆ ಹೋಯಿತು. ಕರ್ ಕರ್ ಅಂತ ಅರ್ಧಕ್ಕೆ ನಿಂತಿತು. ಬಿಚ್ಚಿ ಸರಿಮಾಡಿಸಲು ಹೇಳಿದ ಖರ್ಚಿಗೆ ಇನ್ನೊಂದು ಹಳೇ ಕ್ಯಾಮೆರಾನೇ ಬರುತ್ತಿತ್ತು. ಈಗ ಜೇಬಿಗೆ ಹಾಕುವ ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕುತ್ತೇನೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಉಪ್ಪುಗಾಳಿಯ ಅಂಟು ಒಣಬಟ್ಟೆಗೆ ಹೋಗುವುದಿಲ್ಲ.

ನೀರಲ್ಲೇ ಕೆಲಸ ಇರುವವರಿಗೆ ಒಲಿಂಪಸ್ ಟಿಜಿ-6 ಇದೆ, 2019ರದು. ಲೆನ್ಸ್ ಹೊರಗೆ ಚಾಚುವುದಿಲ್ಲ, 15 ಮೀಟರ್ ಆಳದವರೆಗೆ ನೀರಿಗೆ ತಡೆಯುತ್ತದೆ. ನನ್ನ ಗೆಳೆಯ ನೇತ್ರಾಣಿ ದ್ವೀಪಕ್ಕೆ ಅದನ್ನೇ ಒಯ್ಯುತ್ತಾನೆ. ಬ್ಯಾಟರಿ ಬಾಗಿಲಿನ ರಬ್ಬರಿನ ಮೇಲೆ ಒಂದು ಕೂದಲು ಇದ್ದರೂ ನೀರು ಒಳಗೆ ಬರುತ್ತದೆ ಅಂತ ಪ್ರತಿ ಸಲ ಒರೆಸಿ ಮುಚ್ಚುತ್ತಾನೆ. ಅದರ ಸೆನ್ಸರ್ ತೊಗರಿಬೇಳೆಯದೇ. ಅಕ್ಕನ ಆಟಕ್ಕೆ ಆಗಿಬರುವುದಿಲ್ಲ.

ಮೇಡಂ, ನಿಮಗೆ ನೀವೇ ಕೇಳಿಕೊಳ್ಳಿ. ವರ್ಷಕ್ಕೆ ಎಷ್ಟು ಆಟ, ಎಷ್ಟು ದಿನ ಬರೀ ತೋಟ?

ಕುಮಟಾದಿಂದ

ಒಂದು ಎಚ್ಚರಿಕೆ ಮಾತ್ರ ಹೇಳಿ ಮುಗಿಸುತ್ತೇನೆ. ನಿಕಾನ್ ಡಿ3500, ಡಿ3400 ಇಂಥವುಗಳ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ನನಗೆ ಒಬ್ಬರು ಹಳೇ 50 ಎಂಎಂ ಎಫ್/1.8 ಡಿ ಲೆನ್ಸ್ ಕಡಿಮೆಗೆ ಕೊಟ್ಟರು. ಖುಷಿಯಿಂದ ತಂದೆ. ಫೋಕಸ್ ಕೈಯಲ್ಲೇ ತಿರುಗಿಸಬೇಕು ಅಂತ ಆಟದ ಮೈದಾನದಲ್ಲಿ ಕೂತ ಮೇಲೆ ಗೊತ್ತಾಯಿತು. ಆ ರಾತ್ರಿಯ ಒಂದು ಚಿತ್ರವೂ ಸರಿ ಬರಲಿಲ್ಲ. ನಿಕಾನ್ ತೆಗೆದುಕೊಂಡರೆ ಲೆನ್ಸಿನ ಮೇಲೆ ಎಎಫ್-ಎಸ್ ಅಂತ ಇದೆಯಾ ನೋಡಿ, ಕಡೆಗೆ ಜಿ ಅಂತ ಇರುತ್ತದೆ. ಕೆನಾನ್ ಡಿಎಸ್‌ಎಲ್‌ಆರ್‌ಗೆ ಈ ತೊಂದರೆ ಇಲ್ಲ, ಕೆನಾನಿನ ಇಎಫ್ ಲೆನ್ಸುಗಳ ಮೋಟರ್ ಲೆನ್ಸಿನೊಳಗೇ ಇದೆ. 2015ರಲ್ಲಿ ಬಂದ 50 ಎಸ್‌ಟಿಎಂ ಚೆನ್ನಾಗಿದೆ, 160 ಗ್ರಾಂ ಅಷ್ಟೇ.

ಡಿ3500 ತಯಾರಿಕೆ ನಿಂತಿದೆ, ಹಳೆಯದೇ ಸಿಗುವುದು. ನಿಕಾನಿನಲ್ಲಿ ತೆಗೆದ ಚಿತ್ರದ ಫೈಲಿನೊಳಗೇ ಶಟರ್ ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ ಇರುತ್ತದೆ. ಮಾರುವವರ ಹತ್ತಿರ ಒಂದು ಹೊಸ ಚಿತ್ರ ತೆಗೆಸಿ ಫೈಲನ್ನೇ ಕಳಿಸಲು ಹೇಳಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಲೆಕ್ಕ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಬೇಕು.

ಸಿದ್ದಾಪುರದಿಂದ

ತಂಗಿ, ಯಾರೂ ಮಳೆಗಾಲದ ಮಾತೇ ಎತ್ತಲಿಲ್ಲ. ನಮ್ಮ ಕಡೆ ಕ್ಯಾಮೆರಾ ಹಾಳಾಗುವುದು ಬಳಸಿ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಇಟ್ಟು.

ಒಂದು ವರ್ಷ ದಸರೆಗೆ ಅಂತ ಕ್ಯಾಮೆರಾ ಹೊರತೆಗೆದೆ. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ಬಲೆಯ ಹಾಗೆ ಬಿಳೀ ಎಳೆಗಳು. ಬೂಸ್ಟು. ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಒಳ್ಳೇ ಚರ್ಮದ ಚೀಲದಲ್ಲೇ ಇಟ್ಟಿದ್ದೆ. ಆ ಚರ್ಮವೇ ತೇವ ಹಿಡಿದಿಟ್ಟಿತ್ತು.

ಈಗ ಅಡುಗೆಮನೆಯ ದೊಡ್ಡ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ರಬ್ಬರ್ ಇರುವಂಥದ್ದು. ಒಳಗೆ ಒಂದು ಬಟ್ಟಲು ಸಿಲಿಕಾ ಜೆಲ್, ಮತ್ತೆ ತೇವ ತೋರಿಸುವ ಪುಟ್ಟ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡುತ್ತೇನೆ, ಮತ್ತೆ ಕಿತ್ತಳೆಗೆ ತಿರುಗುತ್ತದೆ. ಆ ಬಾಣಲೆ ಅಡುಗೆಗೆ ಬಳಸುವುದಿಲ್ಲ. ಅಕ್ಕಿ ಹಾಕಬೇಡಿ, ಅದರ ಹಿಟ್ಟು ಸಂದಿಗೆ ಹೋಗುತ್ತದೆ. ಅಟ್ಟದ ಮೇಲೆ ಬೆಚ್ಚಗಿರುತ್ತದೆ ಅಂತ ಅಲ್ಲಿಯೂ ಇಡಬೇಡಿ, ಒಲೆಯ ಹೊಗೆ ಹತ್ತುತ್ತದೆ. ಕರೆಂಟಿನಿಂದ ನಡೆಯುವ ಕಪಾಟು ಸಿಗುತ್ತದೆ, ಆದರೆ ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಎಲ್ಲಿರುತ್ತದೆ?

ಕರೆಂಟಿನ ಮಾತು ಬಂತಲ್ಲ, ಬ್ಯಾಟರಿಯನ್ನೂ ನೋಡಿ. ಡಿ3500ಗೆ ಕಂಪನಿ ಹೇಳುವ ಲೆಕ್ಕ ಒಂದು ಚಾರ್ಜಿಗೆ 1550 ಚಿತ್ರ. ಮೊದಲ ಆರ್‌ಎಕ್ಸ್100ಗೆ 330. ಮರ ಬಿದ್ದು ಎರಡು ದಿನ ಲೈನ್ ಇಲ್ಲದಾಗ ಇದು ಸಣ್ಣ ಮಾತಲ್ಲ.

ಬೂಸ್ಟು ಬಂದರೆ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಒಂದನ್ನೇ ಬದಲಿಸಬಹುದು. ಪುಟ್ಟದರಲ್ಲಿ ಲೆನ್ಸ್ ಬಾಡಿಗೇ ಅಂಟಿಕೊಂಡಿರುತ್ತದೆ, ಇಡೀ ಕ್ಯಾಮೆರಾ ಬಿಚ್ಚಬೇಕು. ಹಾಗಾಗಿ ನನ್ನ ಮತ ದೊಡ್ಡದಕ್ಕೆ. ಆದರೆ ಯಾವುದೇ ತಗೊಳ್ಳಿ, ಡಬ್ಬದ ದುಡ್ಡು ಮೊದಲೇ ಎತ್ತಿಡಿ.

ಯಲ್ಲಾಪುರದಿಂದ

ಹಕ್ಕಿಯ ಆಸೆಗೆ ಸದ್ಯ ಖರ್ಚು ಮಾಡಬೇಡಿ. ಅದಕ್ಕೆ 55-250 ಅಥವಾ 70-300 ಲೆನ್ಸ್ ಬೇಕು. ಡಿಎಸ್‌ಎಲ್‌ಆರ್ ಇದ್ದರೆ ಮುಂದಿನ ವರ್ಷ ಸೇರಿಸಬಹುದು. ಅಲ್ಲಿಯವರೆಗೆ ನಿಮ್ಮ ಹತ್ತಿರದ ಅತ್ತಿ, ಆಲ, ಬಸರಿ ಮರ ಯಾವಾಗ ಹಣ್ಣಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಹಣ್ಣಾದ ವಾರ ಮಂಗಟ್ಟೆ ಹಕ್ಕಿ ತಾನೇ ಹುಡುಕಿಕೊಂಡು ಬರುತ್ತದೆ. ಸೋಂದೆಯ ಮುಂಡಿಗೆಕೆರೆಗೂ ಮಳೆಗಾಲದಲ್ಲಿ ಒಮ್ಮೆ ಸುಮ್ನೆ ಹೋಗಿ ಬೆಳ್ಳಕ್ಕಿ ಗೂಡು ನೋಡಿ ಬನ್ನಿ.

ಶಿರಸಿ ಹತ್ತಿರದ ಹಳ್ಳಿಯಿಂದ, ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಕಾರವಾರದ ಅಣ್ಣ ಕೇಳಿದ್ದಕ್ಕೆ ಉತ್ತರ: ವರ್ಷಕ್ಕೆ ಎಂಟು ಹತ್ತು ಆಟ. ಆದರೆ ಆ ಎಂಟು ಹತ್ತಕ್ಕಾಗಿಯೇ ನಾನು ದುಡ್ಡು ಕೂಡಿಸಿದ್ದು. ತೋಟಕ್ಕೆ ಫೋನ್ ಇದ್ದೇ ಇದೆ. ಹಾಗಾಗಿ ಹಳೇ ಡಿಎಸ್‌ಎಲ್‌ಆರ್, 50 ಲೆನ್ಸ್, ಡಬ್ಬ. ಕೆನಾನ್ 1500ಡಿ ಒಂದು ಶಿರಸಿಯಲ್ಲೇ ಇದೆ ಅಂತ ಗೊತ್ತಾಗಿದೆ. ಒಂದು ಹೆದರಿಕೆ ಮಾತ್ರ ಇದೆ. ಇಷ್ಟೊಂದು ಗುಂಡಿ ನಾನು ಕಲಿಯಬಲ್ಲೆನಾ?

ಹೊನ್ನಾವರದಿಂದ, ಮತ್ತೆ

ಮೂರೇ ಸಾಕು ಅಕ್ಕ. ಎಂ ಅಂತ ಇರುವ ಮೋಡಿಗೆ ತಿರುಗಿಸಿ. ಕಿಂಡಿ ಎಫ್/2, ಶಟರ್ 250 (ಸೆಕೆಂಡಿನ 250ನೇ ಒಂದು ಭಾಗ), ಬೆಳಕಿಗೆ ಕ್ಯಾಮೆರಾದ ಚುರುಕು ಹೆಚ್ಚಿಸುವ ಐಎಸ್‌ಒ 1600. ಕತ್ತಲೆ ಅನ್ನಿಸಿದರೆ 3200. ಈಗ ರಂಗಸ್ಥಳಕ್ಕೆ ಎಲ್‌ಇಡಿ ಹಾಕುತ್ತಾರಲ್ಲ, ಕೆಲವು ಅಗ್ಗದ ದೀಪದಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆ ಬರುತ್ತದೆ. ನಮ್ಮ ಕರೆಂಟಿಗೆ ಅಂಥ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಪಟ್ಟೆ ಕಂಡರೆ ಶಟರ್ 100ಕ್ಕೆ ಇಳಿಸಿ, ನಿಂತ ಭಂಗಿಗಳನ್ನಷ್ಟೇ ತೆಗೆಯಿರಿ.

ಕೊಳ್ಳುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬರುವ ಶನಿವಾರ ನಮ್ಮೂರಲ್ಲಿ ಆಟ ಇದೆ. ನನ್ನದೂ ಕೆನಾನೇ. ವೇಷ ಕಟ್ಟುವ ಚೌಕಿಯ ಪಕ್ಕದಲ್ಲಿ ಸಿಗುತ್ತೇನೆ, ಒಂದು ಪ್ರಸಂಗ ಪೂರ್ತಿ ನೀವೇ ತೆಗೆಯಿರಿ.

ಶಿರಸಿ ಹತ್ತಿರದ ಹಳ್ಳಿಯಿಂದ

ಬರುತ್ತೇವೆ. ಮಗಳೂ ಬರುತ್ತಾಳೆ. ಮೆಮೊರಿ ಕಾರ್ಡ್ ನಾನೇ ತರಬೇಕಾ?

ಹೊನ್ನಾವರದಿಂದ

ತನ್ನಿ. ಫೋನಿಗೆ ಹಾಕುವ ಪುಟ್ಟ ಕಾರ್ಡ್ ಅಲ್ಲ, ದೊಡ್ಡ ಅಳತೆಯ ಎಸ್‌ಡಿ ಕಾರ್ಡ್, 32 ಜಿಬಿ ಸಾಕು. ಚಳಿ ಇರುತ್ತದೆ, ಮಗಳಿಗೆ ಒಂದು ಶಾಲೂ ಇರಲಿ.