ಡಬ್ಬದ ಕಸ ನಾರುತ್ತಿದೆ, ಮನೆಯಲ್ಲಿ ಗೊಬ್ಬರ ಮಾಡುವುದು ಬಿಟ್ಟುಬಿಡಲಾ?

ಪ್ರಶ್ನೆ:
ಎರಡು ತಿಂಗಳಿಂದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ತರಕಾರಿ, ಹಣ್ಣಿನ ಸಿಪ್ಪೆ ಹಾಕುತ್ತಿದ್ದೇನೆ. ಈಗ ಕೊಳೆತ ಮೊಟ್ಟೆಯ ವಾಸನೆ. ತಳದಲ್ಲಿ ಕಪ್ಪು ನೀರು ನಿಂತಿದೆ, ಬಿಳಿ ಹುಳ ಬೇರೆ. ಅಕ್ಕಪಕ್ಕದ ಮನೆಯವರು ಸೇರಿ ಒಂದು ಗೊಬ್ಬರದ ರಾಶಿ ಶುರು ಮಾಡಿದ್ದಾರೆ. ಎಲ್ಲಾ ಅಲ್ಲಿಗೇ ಕೊಟ್ಟುಬಿಡಲಾ?

ಉತ್ತರ 1:
ದಯವಿಟ್ಟು ಬಿಡಬೇಡಿ. ನನಗೂ ಮೊದಲ ವರ್ಷ ಹೀಗೇ ಆಗಿತ್ತು. ಎರಡು ಸಲ ಎಲ್ಲಾ ಚೆಲ್ಲಿ, ಡಬ್ಬ ತೊಳೆದು ಮತ್ತೆ ಶುರು ಮಾಡಿದೆ. ಮೂರನೇ ಸಲ ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಚೀಲ ತರಗೆಲೆ ಸುರಿದು ಕೋಲಿನಿಂದ ತಳದವರೆಗೆ ಕೆದಕಿದೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ವಾಸನೆಯೇ ಇಲ್ಲ!

ಒಳಗೆ ಗಾಳಿ ಆಡದಿದ್ದರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಆ ನಾತ ಅವುಗಳದ್ದು. ಡಬ್ಬದ ಬದಿಗೆ, ತಳಕ್ಕೆ ತೂತು ಮಾಡಿ. ಒಂದು ಪಾಲು ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ ಅಥವಾ ಹರಿದ ರಟ್ಟು ಬೇಕು. ಇದು ಜಾಸ್ತಿ ಅನ್ನಿಸುತ್ತದೆ, ಆದರೆ ಬೇಕೇ ಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಹಾಕಿ. ಹುಳಗಳಿಗೆ ಹೆದರಬೇಡಿ, ನೊಣದ ಮರಿಗಳು. ಅವೂ ಕಸವನ್ನೇ ತಿನ್ನುತ್ತವೆ. ಹೊಸ ಸಿಪ್ಪೆ ಹಾಕಿದಾಗಲೆಲ್ಲ ಮೇಲೆ ಎಲೆ ಮುಚ್ಚಿದರೆ ನೊಣ ಬರುವುದು ಕಡಿಮೆಯಾಗುತ್ತದೆ.

ಉತ್ತರ 2:
ನಾನು ಇಂಥದ್ದೇ ಒಂದು ರಾಶಿ ನೋಡಿಕೊಳ್ಳುತ್ತೇನೆ. ಡಬ್ಬ, ರಾಶಿ ಎರಡೂ ಇರಲಿ. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ರಾಶಿ ಚೆನ್ನಾಗಿ ಕೂಡಿದರೆ ಒಳಗೆ 55 ಡಿಗ್ರಿ ದಾಟುತ್ತದೆ. ಮಗುಚುವಾಗ ಹಬೆ ಏಳುತ್ತದೆ. ಆ ಶಾಖಕ್ಕೆ ಕಳೆಬೀಜ, ರೋಗಾಣು ಬಹುಪಾಲು ಸಾಯುತ್ತವೆ. ಸಣ್ಣ ಡಬ್ಬದಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ. ಬೀಜ ಕಟ್ಟಿದ ಕಳೆ, ರೋಗ ಬಂದ ಗಿಡ ರಾಶಿಗೆ ಕೊಡಿ. ಮಾಂಸ, ಹಾಲಿನ ಪದಾರ್ಥ ಡಬ್ಬಕ್ಕೆ ಬೇಡ, ರಾಶಿಯವರನ್ನೂ ಕೇಳಿಯೇ ಕೊಡಿ. ಮತ್ತೊಂದು, ಹಣ್ಣಿನ ಮೇಲಿನ ಸ್ಟಿಕ್ಕರ್ ಕಿತ್ತು ಕೊಡಿ. ಸಿದ್ಧವಾದ ಗೊಬ್ಬರದಲ್ಲಿ ಅವನ್ನು ಒಂದೊಂದಾಗಿ ಆರಿಸಿ ನನಗೆ ಸಾಕಾಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ತೂತು ಮಾಡಿ, ಎಲೆ ಸುರಿದು ಇವತ್ತಿಗೆ ಆರು ದಿನ. ನಾತ ಹೋಗಿದೆ! ಗಿಡಕ್ಕೆ ಯಾವಾಗ ಹಾಕಬಹುದು?

ಉತ್ತರ 1:
ಓದಿ ತುಂಬಾ ಖುಷಿಯಾಯಿತು. ಈಗಲೇ ಹಾಕಬೇಡಿ, ಅರೆಬರೆ ಗೊಬ್ಬರ ಎಳೆ ಬೇರಿಗೆ ಆಗುವುದಿಲ್ಲ. ಸಿಪ್ಪೆಯ ಗುರುತೇ ಸಿಗದೆ, ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಆಮೇಲೂ ಮೂರು ನಾಲ್ಕು ವಾರ ಹಾಗೇ ಬಿಡಿ. ಅಷ್ಟರೊಳಗೆ ಎರಡನೇ ಡಬ್ಬಕ್ಕೂ ತೂತು ಮಾಡಿಟ್ಟುಕೊಳ್ಳಿ, ದಿನದ ಸಿಪ್ಪೆ ಅದಕ್ಕೆ ಹೋಗಲಿ.