ಎನಿಡ್ ಲಯನ್ಸ್: ಟಾಸ್ಮೇನಿಯಾದವರು ಡಾರ್ವಿನ್‌ನಲ್ಲಿ ಗೆದ್ದದ್ದು ಹೇಗೆ?

ಉಡುಪಿ_ಓದುಗಿ:
ನಮ್ಮ ಕಾಲೇಜಿನ ಭಿತ್ತಿಪತ್ರಿಕೆಗೆ ಆಸ್ಟ್ರೇಲಿಯಾದ ಮೊದಲ ಸಂಸದೆ ಎನಿಡ್ ಲಯನ್ಸ್ ಬಗ್ಗೆ ಬರೆಯುತ್ತಿದ್ದೇನೆ. ಮನೆ ಟಾಸ್ಮೇನಿಯಾ ದ್ವೀಪದಲ್ಲಿ, ಗೆದ್ದದ್ದು ಡಾರ್ವಿನ್‌ನಿಂದ ಅಂತಿದೆ. ಡಾರ್ವಿನ್ ದೇಶದ ಉತ್ತರ ತುದಿಯಲ್ಲಲ್ವಾ? ಪ್ರಾಶಸ್ತ್ಯ ಮತದಿಂದ ಗೆದ್ದರು ಅಂದರೇನು? ಮಂತ್ರಿಯಾಗಿದ್ದರು ಅಂತ ಒಂದು ಕಡೆ, ಖಾತೆಯೇ ಇರಲಿಲ್ಲ ಅಂತ ಇನ್ನೊಂದು ಕಡೆ. ಯಾವುದು ಸರಿ?

ನೇತ್ರಾವತಿ_ದಂಡೆ:
ಊರು ಬೇರೆ, ಕ್ಷೇತ್ರ ಬೇರೆ. ಟಾಸ್ಮೇನಿಯಾದ ವಾಯವ್ಯ ಭಾಗದ ಕ್ಷೇತ್ರಕ್ಕೆ ಆಗ ಡಾರ್ವಿನ್ ಅಂತ ಹೆಸರು, 1955ರಲ್ಲಿ ಬ್ರಾಡನ್ ಆಯಿತು. ಅವರ ಮನೆಯಿದ್ದ ಡೆವನ್‌ಪೋರ್ಟ್ ಆ ಕಡೆಯದೇ. ನಕ್ಷೆ ಹಾಕುವುದಾದರೆ ಜೋಪಾನ.

"ಮೊದಲ ಸಂಸದೆ" ಅಂತ ಬರೆದರೂ ತಪ್ಪಾದೀತು. 1943ರ ಆಗಸ್ಟ್ 21ರ ಅದೇ ಚುನಾವಣೆಯಲ್ಲಿ ಲೇಬರ್ ಪಕ್ಷದ ಡೊರೊಥಿ ಟ್ಯಾಂಗ್ನಿ ಪಶ್ಚಿಮ ಆಸ್ಟ್ರೇಲಿಯಾದಿಂದ ಮೇಲ್ಮನೆಯಾದ ಸೆನೆಟ್‌ಗೆ ಗೆದ್ದರು. ಎನಿಡ್ ಕೆಳಮನೆಯ ಮೊದಲ ಮಹಿಳೆ. ಸ್ಪರ್ಧಿಸುವ ಹಕ್ಕು ಹೆಂಗಸರಿಗೆ 1902ರಲ್ಲೇ ಸಿಕ್ಕಿತ್ತು, ಮೂಲನಿವಾಸಿ ಮಹಿಳೆಯರನ್ನು ಹೊರಗಿಟ್ಟು. ಒಬ್ಬರು ಗೆಲ್ಲಲು 41 ವರ್ಷ ಬೇಕಾಯಿತು. ಇದನ್ನು ದಯವಿಟ್ಟು ಬರೆಯಿರಿ.

ಪರಿಷತ್_ಲೆಕ್ಕ:
ಪ್ರಾಶಸ್ತ್ಯ ಮತ ನಮಗೇನು ಹೊಸದಲ್ಲ ಮಾರಾಯ್ರೆ. ನಮ್ಮ ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದ ಮತಪತ್ರದಲ್ಲಿ ಹೆಸರಿನೆದುರು 1, 2, 3 ಬರೆಯುವುದಿಲ್ಲವೇ, ಅದೇ. ಇಲ್ಲಿ ಬರೀ 1 ಹಾಕಿದರೂ ಮತ ಊರ್ಜಿತ. ಅಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಸಂಖ್ಯೆ ಕೊಡಬೇಕು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಒಂದೊಂದು ಮತಪತ್ರವನ್ನೂ ಅದರಲ್ಲಿ 2 ಅಂತ ಇರುವವರ ಕಟ್ಟಿಗೆ ಸೇರಿಸುತ್ತಾರೆ. ಒಬ್ಬರು ಅರ್ಧ ದಾಟುವವರೆಗೆ ಹೀಗೇ. ಎನಿಡ್ ಈ ಎಣಿಕೆಯಲ್ಲೇ ಕಡಿಮೆ ಅಂತರದಿಂದ ಲೇಬರ್‌ನ ಎರಿಕ್ ರೀಸ್ ಅವರನ್ನು ದಾಟಿದರು. ಇದೇ ರೀಸ್ ಮುಂದೆ ಟಾಸ್ಮೇನಿಯಾದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಆದರು. ಹಾಗಾಗಿ "ಪ್ರಧಾನಿಯ ವಿಧವೆ ಅಂತ ಸುಲಭವಾಗಿ ಗೆದ್ದರು" ಅನ್ನುವ ಮಾತು ನಿಲ್ಲುವುದಿಲ್ಲ. ಪತಿ ಜೋಸೆಫ್ ಲಯನ್ಸ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡದ್ದು 1939ರ ಏಪ್ರಿಲ್ 7ರಂದು, ನಾಲ್ಕು ವರ್ಷ ಹಿಂದೆ.

ಹಳೇ_ಗೆಜೆಟ್:
ಮಂತ್ರಿ ಪ್ರಶ್ನೆಗೆ: ಎರಡೂ ಸರಿ. 1949ರ ಡಿಸೆಂಬರ್‌ನಲ್ಲಿ ಪ್ರಧಾನಿ ಮೆಂಜೀಸ್, ಎನಿಡ್ ಅವರನ್ನು ಕಾರ್ಯಕಾರಿ ಮಂಡಳಿಯ (ಸಂಪುಟದ ತೀರ್ಮಾನಗಳಿಗೆ ಗವರ್ನರ್ ಜನರಲ್ ಅಂಕಿತ ಹಾಕುವ ಸಭೆ) ಉಪಾಧ್ಯಕ್ಷೆಯಾಗಿ ಸಂಪುಟಕ್ಕೆ ಸೇರಿಸಿಕೊಂಡರು. ಸಂಪುಟದಲ್ಲಿ ಕುರ್ಚಿ ಇತ್ತು, ನಡೆಸಲು ಇಲಾಖೆ ಇರಲಿಲ್ಲ.

ಆದರೂ ಕೆಲಸ ನಿಲ್ಲಲಿಲ್ಲ. 1941ರಿಂದ ಇದ್ದ ಮಕ್ಕಳ ಭತ್ಯೆ ಮೊದಲ ಮಗುವನ್ನು ಬಿಟ್ಟು ಉಳಿದವರಿಗೆ ಮಾತ್ರ ಸಿಗುತ್ತಿತ್ತು. ಅಂದರೆ ಒಂದೇ ಮಗುವಿರುವ ಮನೆಗೆ ಬಿಡಿಗಾಸೂ ಇಲ್ಲ. ಹನ್ನೆರಡು ಮಕ್ಕಳನ್ನು ಹೆತ್ತ ಎನಿಡ್ ಇದಕ್ಕಾಗಿ ಪಟ್ಟು ಹಿಡಿದವರು. 1950ರಲ್ಲಿ ಮೊದಲ ಮಗುವಿಗೂ ವಾರಕ್ಕೆ 5 ಶಿಲಿಂಗ್ ಬಂತು. ನಿಮ್ಮ ಲೇಖನದಲ್ಲಿ ಹೆಚ್ಚು ಜಾಗ ಸಿಗಬೇಕಾದ್ದು ಇದಕ್ಕೇ.

1951ರಲ್ಲಿ ಆರೋಗ್ಯ ಕೆಟ್ಟು ಸಂಪುಟವನ್ನೂ ಸಂಸತ್ತನ್ನೂ ಬಿಟ್ಟರು. "ಇಲಾಖೆ ನಡೆಸಿದ ಮೊದಲ ಮಹಿಳೆ" ಅಂತ ಮಾತ್ರ ಹಾಕಬೇಡಿ. ಅದು 1966ರಲ್ಲಿ ವಸತಿ ಖಾತೆ ವಹಿಸಿಕೊಂಡ ಆನಾಬೆಲ್ ರಾಂಕಿನ್.